ತೇಜಪ್ಪ ಶೆಟ್ಟರ ರೀಲು ವಿಜಯ

ಸ್ವಸ್ತಿ! ಪಡುವಣ ಕಡಲು ಯಾರ ಅಪ್ಪಣೆಗೂ ಕಾಯದೆ ದಿನಕ್ಕೆರಡು ಬಾರಿ ಏರಿ ಇಳಿಯುತ್ತಿದ್ದ ಕಾಲದಲ್ಲಿ, ಹೊಳೆಗಳು ಒಂದನ್ನೊಂದು ತಬ್ಬಿಕೊಂಡು ಉಪ್ಪುನೀರಿಗೆ ಬೀಳುವ ಕುಂದಾಪುರದ ಅಳಿವೆಯ ಸೀಮೆಯಲ್ಲಿ, ಮನುಷ್ಯರು ಕಾಲಿನ ಚಪ್ಪಲಿಯ ಅಳತೆಯನ್ನು ಒಂದೇ ನಿಮಿಷದಲ್ಲಿ ಆರಿಸಿ ಗಾಳದ ರೀಲಿನ ಅಳತೆಗೆ ಇಡೀ ಮಧ್ಯಾಹ್ನವನ್ನು ಬಲಿಗೊಡುತ್ತಿದ್ದ ಆ ಧೀರಯುಗದಲ್ಲಿ, ಗಾಳಧಾರಣಧುರಂಧರರೂ ಜಲಚರಹೃದಯಕಂಪನರೂ ಕಾಲೇಜಿನ ಗುಮಾಸ್ತರೂ ಆದ ತೇಜಪ್ಪ ಶೆಟ್ಟರೆಂಬ ವೀರರಿದ್ದರು. ಎಲೈ ಅಳಿವೆಯ ಗಾಳಿಯೇ, ಅವರ ಕಥೆ ಹೇಳುವ ನಾಲಗೆಗೆ ಒಂದಿಷ್ಟು ಉಸಿರು ಕೊಡು; ಮುಂದಿನ ವಾಕ್ಯಗಳು ಉದ್ದವಿವೆ.

ಸೇತುವೆಯ ಏಳನೆಯ ಕಂಬದಡಿಯಲ್ಲಿ, ಕಪ್ಪೆಚಿಪ್ಪುಗಳ ಸಿಂಹಾಸನದ ಮೇಲೆ, ರಜತಶಲ್ಕಕವಚಧಾರಿಯಾದ ಒಂದು ಮಹಾ ಬಾಸ್ ಮೀನು ರಾಜ್ಯವಾಳುತ್ತಿತ್ತು. ಶೆಟ್ಟರು ಅದನ್ನು ಮೂರು ಸಲ ಕೆಣಕಿದ್ದರು. ಮೂರು ಸಲವೂ ಅದು ದಾರ ಕಡಿದುಕೊಂಡು ಹೋಗಿತ್ತು. ಮೂರನೆಯ ಸಲದ ಮರುದಿನ ಊರು ಅವರಿಗೊಂದು ಬಿರುದು ದಯಪಾಲಿಸಿತು: ದಾರ ಕಡ್ದ ತೇಜಪ್ಪ. ಸಲೂನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಡೆಗೆ ಕಾಲೇಜಿನ ಫೀಸಿನ ಕಿಟಕಿಯಾಚೆಯಲ್ಲಿ ಕೂಡ ಆ ಬಿರುದು ಕೇಳಿಬರುತ್ತಿತ್ತು. ಅದನ್ನು ಕಳಚಿ ಹೊಳೆಗೆ ಎಸೆಯದೆ ಶೆಟ್ಟರಿಗೆ ಊಟ ರುಚಿಸದು.

ಆ ಭಾನುವಾರ ಐದು ಗಂಟೆಗೆ ಒಳ್ಳೆಯ ಉಬ್ಬರವಿತ್ತು. ಮನೆಯಿಂದ ಹೊರಡುವಾಗ ಹೆಂಡತಿ ಗಿರಿಜಕ್ಕ ಅಡುಗೆಮನೆಯಿಂದಲೇ ಕೇಳಿದರು: "ಹ್ವಾಯ್, ಇವತ್ತಾರೂ ಮೀನ್ ಬತ್ತಾ, ಇಲ್ಲಾ ಇವತ್ತೂ ದಾರ ಕಡ್ದ್ಕಂಡ್ ಬಪ್ದಾ? ಮಸಾಲಿ ಅರೂದಾ ಬ್ಯಾಡ್ದಾ, ಅದೊಂದ್ ಹೇಳಿ."

"ಅರಿ!" ಎಂದು ಗರ್ಜಿಸಿ ವೀರರು ಸ್ಕೂಟರ್ ಏರಿದರು. ಹಿಂದೆ, ಗಾಳದ ಕೋಲನ್ನು ಧ್ವಜದಂತೆ ಎತ್ತಿ ಹಿಡಿದು ಕುಳಿತವರು ಗಿರಿಜಕ್ಕನ ಅಣ್ಣ ಅಂತಯ್ಯ ಶೆಟ್ಟರು. ಕೋಲು ಇಬ್ಬರಿಗೂ ಸೇರಿದ್ದು. ಕ್ಲಬ್ಬಿನ ಲಾಟರಿಯಲ್ಲಿ ಜೋಡಿ ಟಿಕೆಟಿಗೆ ಬಂದದ್ದು. ಅದರ ಜೊತೆಗೆ, ದಾರ ಸುತ್ತಿಕೊಂಡೇ ಬಂದಿದ್ದ ಒಂದು ಸಾವಿರ ನಂಬರಿನ ಪುಟಾಣಿ ರೀಲು ಉಪ್ಪುನೀರು ಕುಡಿದು ತುಕ್ಕುಲೋಕ ಸೇರಿತ್ತು. ಹೊಸದನ್ನು ಇಬ್ಬರೂ ಒಪ್ಪಿಯೇ ತರಬೇಕು.

ಇಲ್ಲೊಂದು ಮಾತು. ಈ ಭಾವಂದಿರಿಬ್ಬರೂ ತಾಳಮದ್ದಳೆಯಲ್ಲಿ ಎದುರುಬದುರು ಕುಳಿತು ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ಅರ್ಥ ಹೇಳುವವನ ಮಾತು ಮುಗಿಯುವ ತನಕ ನಡುವೆ ಯಾರೂ ಬಾಯಿ ಹಾಕಬಾರದೆಂಬುದು ಅವರು ಮನೆಯಲ್ಲೂ ಪಾಲಿಸುತ್ತಿದ್ದ, ಪಾಲಿಸಿ ಗಿರಿಜಕ್ಕನಿಂದ ಬೈಸಿಕೊಳ್ಳುತ್ತಿದ್ದ ಶಿಸ್ತು.

ಗಾಳದಂಗಡಿಯ ಲಿಂಗಪ್ಪ ಖಾರ್ವಿ ಇಬ್ಬರನ್ನೂ ಕಂಡೊಡನೆ ಚಾ ತರಿಸಿ, ಕೋಲನ್ನೊಮ್ಮೆ ಬಗ್ಗಿಸಿ ನೋಡಿ, ನಾಲ್ಕು ಸಾವಿರ ನಂಬರಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅಂತಯ್ಯ ಶೆಟ್ಟರು ಅದರ ಮೇಲೆ ತಮ್ಮ ಚಾದ ಲೋಟವಿಟ್ಟರು. ಸಮರ ಶುರುವಾಯಿತು.

"ಎಲೈ ಭಾವ!" ತೇಜಪ್ಪ ಶೆಟ್ಟರು ಎದೆಯುಬ್ಬಿಸಿದರು. "ಅಂಕಿ ಹಿಗ್ಗಿದಂತೆ ರೀಲಿನ ಹೊಟ್ಟೆ ಹಿಗ್ಗುವುದು, ಹೊಟ್ಟೆ ಹಿಗ್ಗಿದಂತೆ ಅದರೊಳಗೆ ದಾರ ಹೆಚ್ಚುವುದು. ಕುರಿಮರಿಯಂಥ ರೀಲನ್ನು ಹಿಡಿದು ಹುಲಿಯ ಮುಂದೆ ನಿಂತು ಮೂರು ಬಾರಿ ಮಾನ ಕಳೆದುಕೊಂಡವನು ನಾನು, ನೀವಲ್ಲ! ಮುನ್ನೂರು ಗಜ ದಾರ ಹಿಡಿಯುವ ಆರು ಸಾವಿರವನ್ನೇ ತರಿಸಿ. ಆ ಮೀನು ಗಂಗೊಳ್ಳಿಯ ತನಕ ಓಡಲಿ, ಬಿಟ್ಟೇನು. ಸುಸ್ತಾಗಿ ನಿಂತಾಗ ಸುತ್ತಿ ಎಳೆದೇನು!"

"ಒಡೆಯಾ, ದಾರದ್ ವಿಷಯ ಬಂತಲೆ, ನಾ ಒಂದ್ ಮಾತ್..." ಎಂದರು ಖಾರ್ವಿಯವರು.

"ಸುಮ್ಮನ್ ಕೂಕಣಿ ಮಾರಾಯ್ರೆ, ಅರ್ಥ ನಡೀತಾ ಇತ್ತ್!" ಎಂದು ಗದರಿ, ಅಂತಯ್ಯ ಶೆಟ್ಟರು ಗಂಟಲು ಸರಿಮಾಡಿಕೊಂಡರು.

"ಭಲೆ ಭಾವ! ಗದೆ ಎತ್ತುವವನು ಮೊದಲು ತನ್ನ ಮಣಿಕಟ್ಟನ್ನು ನೋಡಿಕೊಳ್ಳಬೇಕು. ನಮ್ಮ ಕೋಲು ಬಳ್ಳಿಯಂತೆ ತೆಳ್ಳಗಿನದು. ಅದರ ಬುಡಕ್ಕೆ ಆರು ಸಾವಿರ ಕಟ್ಟುವುದೆಂದರೆ ಮದುಮಗಳ ಕೊರಳಿಗೆ ರುಬ್ಬುಕಲ್ಲು ಕಟ್ಟಿದ ಹಾಗೆ. ಬಾಸ್ ಹಿಡಿಯುವುದು ಒಂದೇ ಎಸೆತದ ಕೆಲಸವೇ? ಇನ್ನೂರು ಎಸೆತ! ಐವತ್ತನೆಯದಕ್ಕೆ ನಿಮ್ಮ ತೋಳು ಬಾಡಿದ ಬಸಳೆ. ಮೀನು ಓಡುವುದೂ ಗಂಗೊಳ್ಳಿಗಲ್ಲ, ಮುಂದಿನ ಕಂಬಕ್ಕೆ. ನೂರು ಗಜ ಧಾರಾಳ. ಕೈಗೆ ಹೂವಿನಂತಿರುವ ಎರಡೂವರೆ ಸಾವಿರ ಸಾಕು!"

"ಆ ನೂರ್ ಗಜದ್ದೇ ನಾ ಹೇಳೂದ್..." ಎಂದರು ಖಾರ್ವಿಯವರು. ಎರಡು ಕೈಗಳು ಒಟ್ಟಿಗೇ ಮೇಲೆದ್ದು ಅವರನ್ನು ತಡೆದವು.

ಮೂರೂವರೆ ಆಯಿತು. ಎರಡನೆಯ ಚಾ ಬಂತು. ವಾಗ್ಬಾಣಗಳು ಹೊರಟವು, ಬಲೆಗಳ ಗೊಂಚಲು ನಡುಗಿತು, ಮಾಡಿನ ಪಾರಿವಾಳ ಜಾಗ ಬದಲಿಸಿತು. ಆಗ ನಡೆದದ್ದು ಇಂಥ ಅರ್ಥಧಾರಿಗಳ ನಡುವೆ ಮಾತ್ರ ನಡೆಯಬಹುದಾದ ಅನಾಹುತ. ಇಬ್ಬರೂ ಎಷ್ಟು ಚಂದ ವಾದಿಸಿದರೆಂದರೆ ಇಬ್ಬರೂ ಸೋತುಹೋದರು.

ತೇಜಪ್ಪ ಶೆಟ್ಟರು ಮದುಮಗಳ ಕೊರಳನ್ನು ನೆನೆದು ಕಣ್ಣೊರೆಸಿಕೊಂಡರು. "ಭಾವ, ನೀವ್ ಹೇಳದ್ದೇ ಸಮ. ಎರಡೂವರೆಯೇ ತಕಂಬ."

"ಎಂತ ಎರಡೂವರೆ!" ಅಂತಯ್ಯ ಶೆಟ್ಟರು ಸಿಡಿದರು. "ನಿಮ್ಮ್ ಮಾನದ್ ಮಾತ್ ಕೇಂಡ್ ನನ್ ಹೊಟ್ಟಿ ಚುರ್ ಅಂತ್. ಆರು ಸಾವಿರವೇ ಆಯ್ಕ್!"

ಹಾಗೆ ಪಕ್ಷಗಳು ಅದಲುಬದಲಾಗಿ, ಬಾಣಗಳೂ ಅವೇ ಆಗಿ, ಸಮರ ಮತ್ತೊಮ್ಮೆ ಮೊದಲಿನಿಂದ ನಡೆಯಿತು. ನಾಲ್ಕೂಕಾಲಿಗೆ ದಣಿದ ಅಂತಯ್ಯ ಶೆಟ್ಟರು ಕೊನೆಯ ಗುಟುಕಿಗೆಂದು ಲೋಟ ಎತ್ತಿದಾಗ ಅದರಡಿಯ ಪೆಟ್ಟಿಗೆ ಕಣ್ಣಿಗೆ ಬಿತ್ತು. ನಾಲ್ಕು ಸಾವಿರ! ಕೋಲಿಗೆ ಭಾರವಲ್ಲ, ಮೀನಿಗೆ ಹಗುರವಲ್ಲ. ಭಾವಂದಿರು ಒಬ್ಬರನ್ನೊಬ್ಬರು ನೋಡಿ, ಈ ಸತ್ಯವನ್ನು ಲೋಕದಲ್ಲಿ ಮೊದಲು ಕಂಡವರು ತಾವೇ ಎಂಬಂತೆ ತಬ್ಬಿಕೊಂಡರು. ದುಡ್ಡನ್ನು ಮೇಜಿನ ಮೇಲೆ ಸುರಿದು, ಚಾದ ಉಂಗುರದ ಗುರುತಿದ್ದ ಪೆಟ್ಟಿಗೆಯನ್ನೆತ್ತಿಕೊಂಡು ರಥಕ್ಕೆ ಧಾವಿಸಿದರು.

"ಹ್ವಾಯ್, ನಿಲ್ಲಿ! ಒಂದ್ ಮಾತ್ ಇತ್ತ್!" ಖಾರ್ವಿಯವರು ಮೆಟ್ಟಿಲ ತನಕ ಓಡಿ ಬಂದರು.

"ನಾಳಿಗ್ ಹೇಳಿ!" ಎಂದಿತು ಸ್ಕೂಟರಿನ ಧೂಳು.

ಐದು ಗಂಟೆ. ಉಬ್ಬರ ತುಂಬಿ ಸೇತುವೆಯ ಕಂಬಗಳ ಸೊಂಟಕ್ಕೆ ಬಂದಿತ್ತು. ಏಳನೆಯ ಕಂಬದ ನೆರಳಿನಲ್ಲಿ ನೀರು ಒಮ್ಮೆ ಒಡೆಯಿತು. ಬೆಳ್ಳಿಯ ಬೆನ್ನೊಂದು ಹೊರಳಿ, ಹೆಸರು ಹಿಡಿದು ಕರೆದಂತೆ ಬಾಲ ಬಡಿಯಿತು. ತೇಜಪ್ಪ ಶೆಟ್ಟರ ರೋಮಗಳು ನಿಮಿರಿದವು. ದಂಡೆಯ ಕಲ್ಲಿನ ಮೇಲೆ ಕಾಲೂರಿ ಹೊಸ ರೀಲನ್ನು ಕೋಲಿಗೆ ಬಿಗಿದರು. ಗಾಳದ ಆಮಿಷವಾದ ಪ್ಲಾಸ್ಟಿಕ್ಕಿನ ಮೀನನ್ನು ಅಂತಯ್ಯ ಶೆಟ್ಟರು ಆಯುಧದಂತೆ ಎರಡೂ ಕೈಯಲ್ಲಿ ಒಪ್ಪಿಸಿದರು. ಅದನ್ನು ಕಟ್ಟಲೆಂದು ಶೆಟ್ಟರು ರೀಲಿನ ಮೇಲೆ ದಾರದ ತುದಿಯನ್ನು ಹುಡುಕಿದರು. ಎಡದಿಂದ ಹುಡುಕಿದರು. ಬಲದಿಂದ ಹುಡುಕಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಹುಡುಕಿದರು.

ರೀಲು ಹೊಸ ಬಟ್ಟಲಿನಂತೆ ಫಳಫಳ ಹೊಳೆಯುತ್ತಿತ್ತು. ಮುನ್ನೂರು ಗಜ ಹಿಡಿಯಬೇಕೋ ನೂರು ಗಜ ಸಾಕೋ ಎಂದು ಎರಡು ಗಂಟೆ ಕಾದಾಡಿ ಗೆದ್ದು ತಂದ ಅದರ ಹೊಟ್ಟೆಯಲ್ಲಿ ಒಂದು ಗೇಣು ದಾರವೂ ಇರಲಿಲ್ಲ.

ಕೂಡಲೇ ಅಂಗಡಿಯವರಿಗೆ ಮಾಡಿದ ಫೋನಿನಲ್ಲಿ ಖಾರ್ವಿಯವರು ಬಹಳ ಸಮಾಧಾನದಿಂದಲೇ ಮಾತಾಡಿದರು. "ಅದನ್ನೇ ಹೇಳೂಕ್ ಹೊರಟದ್ ನಾನ್, ಒಡೆಯಾ. ಹೊಸ ರೀಲಿಗ್ ದಾರ ಇರೂದಿಲ್ಲ, ಬೇರೆ ತಕಂಡ್ ಸುತ್ಸ್ಕಣ್ಕ್. ನೀವ್ ಬಾಯ್ ತೆಗೂಕ್ ಬಿಟ್ರ್ಯಾ? ಈಗ ಅಂಗ್ಡಿ ಬಾಗ್ಲ್ ಹಾಕಿ ನಾ ಮರವಂತೆ ಬಸ್ ಹತ್ತಿದೆ."

ಏಳನೆಯ ಕಂಬದ ಬಳಿ ಮೀನು ಇನ್ನೊಮ್ಮೆ ಹಾರಿ, ಚೆನ್ನಾಗಿ ನೋಡಿಕೊಂಡು, ಮುಳುಗಿತು.

ಭಾವಂದಿರು ಕಲ್ಲಿನ ಮೇಲೆ ಕುಳಿತರು. ನೀರು ಇಳಿಯತೊಡಗಿತು. ಆಗ ತೇಜಪ್ಪ ಶೆಟ್ಟರ ಫೋನು ಹೊಡೆದುಕೊಂಡಿತು.

"ಮಸಾಲಿ ಅರ್ದಾಯ್ತ್," ಎಂದರು ಗಿರಿಜಕ್ಕ. "ಎಂತ ಕತಿ? ಇವತ್ತೂ ದಾರ ಕಡೀತಾ?"

ತೇಜಪ್ಪ ಶೆಟ್ಟರು ಎದ್ದು ನಿಂತರು. ಎದೆ ಉಬ್ಬಿಸಿದರು. ಮೂರು ಸೋಲುಗಳ ನಂತರ, ಅಳಿವೆಯ ಗಾಳಿ ಸಾಕ್ಷಿಯಾಗಿ, ಒಂದಕ್ಷರವೂ ಸುಳ್ಳಿಲ್ಲದೆ ಘೋಷಿಸಿದರು:

"ಇಲ್ಲ. ಇವತ್ತ್ ದಾರ ಕಡೀಲಿಲ್ಲ."