ಫ್ಯಾಮಿಲಿ ರೂಮಿನ ಪರದೆಯವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀ ಹಸಿರು ಪರದೆಯವರು,
ಫ್ಯಾಮಿಲಿ ರೂಮಿನ ಬಾಗಿಲು,
ಬಜಾರಿನ ಖಾನಾವಳಿ, ಸೇಡಂ.

ಮಾನ್ಯ ಪರದೆಯವರೇ,

ತಮ್ಮ ಉಂಗುರಗಳೆಲ್ಲ ತಂತಿಯ ಮೇಲೆ ಸುಖವಾಗಿ ಓಡಾಡುತ್ತಿವೆ ಎಂದೂ, ತಮ್ಮ ಕೆಳ ಅಂಚು ಸಾರಿನ ಬಕೀಟಿಗೆ ಸೋಕದೆ ಕ್ಷೇಮವಾಗಿದೆ ಎಂದೂ ನಂಬಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನಾನು ಸುಲೇಪೇಟದ ಶೈಲಶ್ರೀ, ಅಂಗನವಾಡಿಗಳ ಮೇಲ್ವಿಚಾರಕಿ. ಹೋದ ವಾರ ಮಧ್ಯಾಹ್ನ ಎರಡೂ ಕೈಯಲ್ಲಿ ಚೀಲ ಹಿಡಿದು ತಮ್ಮೆದುರು ಬಹಳ ಹೊತ್ತು ನಿಂತಿದ್ದ ಹೆಂಗಸು ನಾನೇ. ತಮಗೆ ನೆನಪಿರಲಿಕ್ಕಿಲ್ಲ. ದೊಡ್ಡವರ ಬಾಗಿಲಲ್ಲಿ ಎಷ್ಟೋ ಮಂದಿ ನಿಂತು ಹೋಗುತ್ತಾರೆ.

ಬಟ್ಟೆಗೆ ಪತ್ರ ಬರೆಯುವಷ್ಟು ಈಕೆಯ ತಲೆ ಕೆಟ್ಟಿದೆಯೇ ಎಂದು ಓದಿದವರು ಕೇಳಬಹುದು. ನಾನು ಮೊದಲು ಮನುಷ್ಯರನ್ನೇ ಕೇಳಿದ್ದೆ. ಖಾನಾವಳಿಯ ಮಾಲೀಕರಾದ ಬಸವಂತರಾಯರು ದುಡ್ಡಿನ ಗಲ್ಲೆಯ ಹಿಂದಿನಿಂದ ಎರಡೂ ಕೈ ಮೇಲೆತ್ತಿ, ತಮ್ಮ ಕಡೆಗೆ ತೋರಿಸಿ, ಈ ವಿಷಯದಲ್ಲಿ ಅಧಿಕಾರವೆಲ್ಲ ತಮ್ಮದೇ ಎಂದು ಸ್ಪಷ್ಟವಾಗಿ ಹೇಳಿದ್ದರಿಂದಲೇ ಮೇಲಧಿಕಾರಿಗಳಿಗೆ ನೇರವಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ಅವರ ಮಾತನ್ನು ಮುಂದೆ ಇದ್ದದ್ದು ಇದ್ದಂತೆಯೇ ನಿವೇದಿಸುತ್ತೇನೆ.

ಮೊದಲಿಗೆ ನಾನು ಕೇಳಿದ್ದೇನು ಎಂಬುದನ್ನು ತಿಳಿಸಬೇಕು. ಒಂದು ಬಿಸಿ ರೊಟ್ಟಿ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ನಾನು. ಹಂಚಿನಿಂದ ಇಳಿದದ್ದು ಮೊದಲು ಮಾವನವರ ತಾಟಿಗೆ, ಆಮೇಲೆ ಯಜಮಾನರ ತಾಟಿಗೆ, ಆಮೇಲೆ ಮಕ್ಕಳ ತಾಟಿಗೆ ಹೋಗಿ, ನನ್ನ ಪಾಳಿ ಬರುವಷ್ಟರಲ್ಲಿ ಒಲೆ ಆರಿ, ರೊಟ್ಟಿ ತಣ್ಣಗಾಗಿ, ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಎರಡು ತುತ್ತು ತಿಂದು ಕೈ ತೊಳೆದಿರುತ್ತೇನೆ. ಹಾಗೆ ಉಣ್ಣೆಂದು ನನಗೆ ಯಾರೂ ಹೇಳಿಲ್ಲ, ಬೇಡ ಕುಳಿತುಕೋ ಎಂದೂ ಯಾರೂ ಹೇಳಿಲ್ಲ. ಆದ್ದರಿಂದ ಬಜಾರಕ್ಕೆಂದು ಸೇಡಂಗೆ ಒಬ್ಬಳೇ ಬರುವ ದಿನ, ಬೇರೆ ಯಾರೋ ಬಡಿದ ರೊಟ್ಟಿಯನ್ನು ಬೇರೆ ಯಾರೋ ತಂದು ಹಾಕಿ, ನಾನು ಕುರ್ಚಿಯ ಮೇಲೆ ಕುಳಿತು, ಯಾರೊಡನೆಯೂ ಮಾತಾಡದೆ, ಯಾರ ತಾಟಿನಲ್ಲಿ ಏನು ಮುಗಿಯಿತೆಂದು ನೋಡದೆ, ಬೆರಳು ಸುಡುತ್ತಿರುವಾಗಲೇ ಮುರಿದು ತಿನ್ನಬೇಕೆಂಬುದು ನನ್ನ ಆಸೆ. ಇದನ್ನು ಆಸೆಯೆಂದು ಬರೆಯಲು ನನಗೇ ನಾಚಿಕೆ. ಆದರೂ ಅದು ಆಸೆಯೇ.

ಆ ದಿನ ಕುಕ್ಕರಿನ ರಬ್ಬರು, ಅತ್ತೆಯವರ ಕಣ್ಣಿಗೆ ಹಾಕುವ ಹನಿ, ತಂಗಿಯ ಸೀರೆಗೆ ಹೊಂದುವ ಜಂಪರಿನ ಬಟ್ಟೆ, ಇಷ್ಟನ್ನು ತೆಗೆದುಕೊಳ್ಳುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಸುಲೇಪೇಟದ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ನಿಲ್ದಾಣದ ಹತ್ತಿರದ ಟಿಫಿನ್ ಅಂಗಡಿಯಲ್ಲಿ ಎದೆಯುದ್ದದ ಮೇಜಿನ ಮುಂದೆ ನಿಂತು ತಿನ್ನಬೇಕು. ನಿಂತು ತಿನ್ನುವುದಕ್ಕೆ ನನಗೆ ಮನೆಯೇ ಇದೆ. ತಳ್ಳುಗಾಡಿಯ ಮಂಡಕ್ಕಿ ಸುಸಲಾ, ಮಿರ್ಚಿ ರುಚಿಯಾಗಿರುತ್ತದೆ, ಆದರೆ ಅಲ್ಲಿ ತಾಟು ಹಿಡಿದರೆ ಚೀಲ ಬೀಳುತ್ತದೆ, ಚೀಲ ಹಿಡಿದರೆ ತಾಟು ಬೀಳುತ್ತದೆ. ಬೇಕರಿಯವರು ಗಾಜಿನ ಪೆಟ್ಟಿಗೆಯೊಳಗಿನ ಪಫ್ ತೋರಿಸಿದರು. ಅದು ನಿನ್ನೆಯಿಂದ ನನ್ನ ದಾರಿಯನ್ನೇ ಕಾಯುತ್ತಿದ್ದಂತೆ ಕಂಡಿತು. ಹೀಗಾಗಿ ತಮ್ಮ ಖಾನಾವಳಿಯ ಮೆಟ್ಟಿಲು ಹತ್ತಿದೆ.

ಎಂಥ ಭವ್ಯವಾದ ಹಾಲ್ ತಮ್ಮದು, ಮಾನ್ಯರೇ! ತಣ್ಣನೆಯ ಪರಸಿ ಕಲ್ಲಿನ ನೆಲ, ಮೇಲೆ ಗರಗರ ತಿರುಗುವ ಫ್ಯಾನುಗಳು, ಅವುಗಳ ಕೆಳಗೆ ಖಾಲಿ ಬಿದ್ದಿದ್ದ ಟೇಬಲ್ಲುಗಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಹೊರಗಿನವರೆಗೂ ಕೇಳುತ್ತಿತ್ತು. ಆ ಸಪ್ಪಳ ನನ್ನ ಕೈಯಿಂದ ಬರುತ್ತಿಲ್ಲವೆಂಬ ಒಂದೇ ಕಾರಣಕ್ಕೆ ನನಗೆ ಬಹಳ ಹಿಡಿಸಿತು. ಕಿಟಕಿಯ ಪಕ್ಕದ ಟೇಬಲ್ಲಿನ ಮೇಲೆ ಚೀಲ ಇಡಲು ಹೋದೆ.

"ಎಷ್ಟ್ ಮಂದಿ ಇದ್ದೀರಿ ಅಕ್ಕೋರೆ?" ಎಂದು ಬಸವಂತರಾಯರು ಗಲ್ಲೆಯಿಂದಲೇ ಕೇಳಿದರು. ಒಬ್ಬಾಕಿನೇ ಅದೀನ್ರಿ ಎಂದೆ. ಅವರು ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿ, "ಹಿಂದ ಯಾರು ಬರಾಕತ್ತಾರ್ರಿ?" ಎಂದರು. ಹಿಂದೆ ಯಾರೂ ಇಲ್ಲ, ಊಟಕ್ಕೆ ಬಂದಿದ್ದೇನೆ ಎಂದೆ. ಆಗ ಅವರು ಬಹಳ ಮರ್ಯಾದೆಯಿಂದ, "ಹಾಲ್‌ನಾಗ ಬರೇ ಗಂಡಸರು ಅದಾರ್ರಿ, ಹೆಣ್ಮಕ್ಕಳು ಒಬ್ಬರೇ ಕುಂತ್ರ ಛಂದ ಕಾಣಲ್ಲ. ಒಳಗ ಫ್ಯಾಮಿಲಿ ರೂಮ್ ಅದ, ಅಲ್ಲಿ ಹೋಗ್ರಿ" ಎಂದು ತಮ್ಮ ಸನ್ನಿಧಾನಕ್ಕೆ ಕಳಿಸಿದರು.

ತಮ್ಮನ್ನು ಒಂದಿಷ್ಟು ಸರಿಸಿ ಒಳಗೆ ನೋಡಿದೆ, ಕ್ಷಮೆಯಿರಲಿ. ಒಳಗಿದ್ದ ಫ್ಯಾಮಿಲಿಗೆ ಮೀಸೆಗಳಿದ್ದವು. ಮೂವರು ತೊಗರಿ ದಲಾಲರು. ಒಬ್ಬರು ಎದುರಿನ ಕುರ್ಚಿಗೆ ಕಾಲು ಚಾಚಿದ್ದರು, ಇನ್ನೊಬ್ಬರು ಫೋನಿನಲ್ಲಿ ಯಾರದೋ ಭಾಷಣವನ್ನು ಬಜಾರಕ್ಕೆಲ್ಲ ಕೇಳುವಂತೆ ಹಚ್ಚಿದ್ದರು, ಮೂರನೆಯವರು ಉಂಡ ತಾಟಿನಲ್ಲೇ ಕೈ ತೊಳೆಯುತ್ತಿದ್ದರು. ಇವರು ಯಾವ ಲೆಕ್ಕದಲ್ಲಿ ಫ್ಯಾಮಿಲಿ ಎಂದು ಮಾಲೀಕರನ್ನು ಕೇಳಿದರೆ, "ಅವರು ದಿನಾ ಬರೋ ಮಂದಿ ರೀ, ನಮ್ಮವರೇ" ಎಂದರು. ನಾನು ನಿಂತೆ. ಆ ಕುಟುಂಬ ನಿಧಾನವಾಗಿ ಅಡಿಕೆ ಹಾಕಿಕೊಂಡು, ಹಲ್ಲಿಗೆ ಕಡ್ಡಿ ಆಡಿಸಿಕೊಂಡು ಹೊರಟಿತು. ಪಕ್ಕದಲ್ಲೇ ಕೈ ತೊಳೆಯುವ ಬೇಸಿನ್ ಇರುವುದರಿಂದ, ಅವರೂ, ಹಾಲಿನಲ್ಲಿ ಉಂಡು ಬಂದ ಉಳಿದ ಗಣ್ಯರೂ, ತಮ್ಮ ಬಲ ಅಂಚಿಗೆ ಒದ್ದೆ ಕೈಗಳನ್ನು ಒರೆಸಿ ಒರೆಸಿ ಹೋಗುವುದನ್ನು ಕಣ್ಣಾರೆ ಕಂಡೆ. ತಮ್ಮ ಮೈಮೇಲಿನ ಆ ಹಳದಿ ಕಲೆಗಳು ತಮ್ಮ ಸೇವೆಯ ಪದಕಗಳೆಂದು ತಿಳಿದುಕೊಂಡೆ.

ರೂಮು ಖಾಲಿಯಾಯಿತು, ಒಳಗೆ ಹೋಗಲೇ ಎಂದೆ. ಬಸವಂತರಾಯರಿಗೆ ನಿಜಕ್ಕೂ ಸಂಕಟವಾಯಿತು. "ಒಬ್ಬರಿಗೆ ಫ್ಯಾಮಿಲಿ ರೂಮ್ ಕೊಡಾಕ ಬರಲ್ರಿ ಅಕ್ಕೋರೆ. ಈಗ ಫ್ಯಾಮಿಲಿ ಬಂದ್ರ ಅವರಿಗೆ ಎಲ್ಲಿ ಕುಂದರಸಲಿ?" ಹಾಗಾದರೆ ನಾನೆಲ್ಲಿ ಉಣ್ಣಲಿ ಎಂದೆ. "ಪಾರ್ಸಲ್ ಕಟ್ಟಸ್ತೀನ್ರಿ" ಎಂದರು. ಅಂದರೆ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿ, ಕುಕ್ಕರಿನ ರಬ್ಬರಿನ ಜೊತೆ ಸುಲೇಪೇಟಕ್ಕೆ ಒಯ್ದು, ಅದೇ ಅಡುಗೆಮನೆಯ ಕಟ್ಟೆಗೆ ಒರಗಿ ತಿನ್ನಬೇಕು! ನನಗೆ ಸಿಟ್ಟು ಬಂತು. ದನಿ ಸ್ವಲ್ಪ ಏರಿತು. ಆಗ ಅವರು ಎರಡೂ ಕೈ ಮೇಲೆತ್ತಿ ಹೇಳಿದ ಮಾತಿದು: "ನಂದೇನಿಲ್ರಿ ಅಕ್ಕೋರೆ, ನಾ ಏನೂ ಅನ್ನಂಗಿಲ್ಲ. ಪರದಿ ಹಾಕೀವಿ ಅಂದಮ್ಯಾಲ ಪರದಿಗೊಂದು ಮರ್ಯಾದಿ ಇರ್ತದಲ್ರಿ."

ಇರಲೇಬೇಕು, ಮಾನ್ಯರೇ. ಒಂದೇ ಒಂದು ಮಧ್ಯಾಹ್ನದಲ್ಲಿ ಒಬ್ಬ ಹೆಂಗಸು ಹಾಲಿಗೆ ಹೆಚ್ಚು ಹೆಂಗಸಾಗಿಯೂ, ಫ್ಯಾಮಿಲಿ ರೂಮಿಗೆ ಕಡಿಮೆ ಹೆಂಗಸಾಗಿಯೂ ಇರುವಂತೆ ಮಾಡಿದ ತಮ್ಮ ಜಾಣತನಕ್ಕೆ ನಮ್ಮ ಇಲಾಖೆಯ ಯಾವ ಸುತ್ತೋಲೆಯೂ ಸಾಟಿಯಲ್ಲ. ನನ್ನ ನೌಕರಿಯೇ ಊಟ ಹಾಕಿಸುವುದು. ಐನಾಪುರದಿಂದ ಹಿಡಿದು ನನ್ನ ವೃತ್ತದ ಎಲ್ಲ ಅಂಗನವಾಡಿಗಳಲ್ಲಿ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ಬಿತ್ತೇ ಎಂದು ನೋಡುತ್ತ ಊರೂರು ತಿರುಗುತ್ತೇನೆ. ಮೂಗು ಸುರಿಸುತ್ತ ಒಬ್ಬಳೇ ನಡೆದು ಬಂದ ಮೂರು ವರ್ಷದ ಹುಡುಗಿಗೆ ನಮ್ಮ ಯಾವ ಆಯಮ್ಮನೂ ಈವರೆಗೆ, ಹಿಂದೆ ಯಾರು ಬರುತ್ತಿದ್ದಾರೆ ಎಂದು ಕೇಳಿಲ್ಲ. ಅವರಿಗೆ ತಮ್ಮಂಥ ಪರದೆಯ ಮಾರ್ಗದರ್ಶನ ಇಲ್ಲದ್ದರಿಂದ ಹೀಗಾಗಿರಬೇಕು.

ನಾನು ಮೆಟ್ಟಿಲು ಇಳಿಯುವುದರಲ್ಲಿದ್ದೆ. ಬುರ್ಖಾ ತೊಟ್ಟ ಒಬ್ಬರು ಹತ್ತಿ ಬಂದರು. ಶಹಾಬಾದದಲ್ಲಿ ಬಟ್ಟೆ ಹೊಲಿಯುವ ಮಾಶಾಬಿ, ಅಸ್ತರಿನ ಬಟ್ಟೆ, ಗುಂಡಿ, ದಾರ ಕೊಳ್ಳಲು ಬಂದವರು. ಅವರನ್ನೂ ಅದೇ ಪ್ರಶ್ನೆ ತಡೆಯಿತು, ಅವರ ಹಿಂದೆಯೂ ಯಾರೂ ಇರಲಿಲ್ಲ. ಅವರು ಸುತ್ತ ನೋಡಿ, ನನ್ನ ಮುಖ ನೋಡಿ, ವಿಷಯವೆಲ್ಲ ತಿಳಿದುಕೊಂಡು ಮೆಲ್ಲಗೆ, "ಅಕ್ಕಾ, ನೀವೂ ಒಬ್ಬರೇ, ನಾನೂ ಒಬ್ಬಾಕಿ. ಇಬ್ಬರು ಕೂಡಿದ್ರ ಫ್ಯಾಮಿಲಿ ಆಗ್ತದ, ಬರ್ರಿ" ಎಂದರು. ನೀವಿಬ್ಬರೂ ಏನಾಗಬೇಕು ಎಂದು ಬಸವಂತರಾಯರು ಕೇಳಿದಾಗ, "ಅಕ್ಕ ತಂಗಿ ಅದೀವ್ರಿ" ಎಂದು ಕಣ್ಣು ಮಿಟುಕಿಸದೆ ಹೇಳಿದರು. ಮಾಲೀಕರು ನನ್ನ ಹಣೆಯ ವಿಭೂತಿ ನೋಡಿದರು, ಆಕೆಯ ಬುರ್ಖಾ ನೋಡಿದರು, ಗಲ್ಲ ಕೆರೆದುಕೊಂಡರು, ಕೊನೆಗೆ ಬಿಡುಗಡೆಯಾದವರಂತೆ, "ಫ್ಯಾಮಿಲಿ ಅಂದ್ರ ಹೋಗ್ರಿ ಮತ್ತ" ಎಂದರು. ತಮ್ಮ ಕಾನೂನಿಗೆ ಸುಳ್ಳು ನಡೆಯುತ್ತದೆ, ಒಂಟಿ ಹೆಂಗಸು ನಡೆಯುವುದಿಲ್ಲ.

ತಮ್ಮ ಒಳಮನೆಯ ವೈಭವವನ್ನು ಏನೆಂದು ಹೊಗಳಲಿ. ಫ್ಯಾನು ಇರಲಿಲ್ಲ. ಫ್ಯಾನು ಇರಬೇಕಾದಲ್ಲಿ ಒಂದು ಕೊಂಡಿ ಇತ್ತು. ಮೂಲೆಯಲ್ಲಿ ಉಳ್ಳಾಗಡ್ಡಿಯ ಚೀಲಗಳೂ ಎಣ್ಣೆಯ ಡಬ್ಬಗಳೂ ಕುಳಿತಿದ್ದವು. ಅವನ್ನು ಎಷ್ಟು ಮಂದಿ ಬಂದಿರಿ ಎಂದು ಯಾರೂ ಕೇಳಿರಲಿಲ್ಲ. ಇರಲಿ, ರೊಟ್ಟಿ ಬರುತ್ತದಲ್ಲ ಎಂದು ಕಾದೆವು. ಸ್ವಲ್ಪ ಹೊತ್ತಿಗೆ ತಮ್ಮ ಆಚೆ ಯಾರೋ ಕೆಮ್ಮಿದರು. ಬಡಿಸುವ ವಿಠೋಬಾ. ನಡುವಯಸ್ಸಿನ, ಸಂಭಾವಿತ ಮನುಷ್ಯ. ಒಳಗೆ ಹೆಂಗಸರಿದ್ದರೆ ಕಾಲಿಡಬಾರದೆಂಬ ತಮ್ಮ ಕಟ್ಟಳೆಯನ್ನು ಪಾಲಿಸಿ, ಮುಖವನ್ನು ಗೋಡೆಗೆ ತಿರುಗಿಸಿ, ತಮ್ಮ ಸಂದಿಯಿಂದ ಕೈ ಮಾತ್ರ ಒಳಚಾಚಿ, ರೊಟ್ಟಿಗಳ ಒಂದು ಅಟ್ಟಿಯನ್ನೇ ಟೇಬಲ್ಲಿನ ತುದಿಗಿಟ್ಟ. "ಹೆಣ್ಮಕ್ಕಳು ಅದೀರಿ, ಮತ್ತ ಮತ್ತ ಬಂದು ತ್ರಾಸ ಕೊಡೋದು ಬ್ಯಾಡಂತ ಒಮ್ಮಿಗೇ ತಂದೀನ್ರಿ" ಎಂದ.

ಮೇಲಿನ ರೊಟ್ಟಿ ಮುಟ್ಟಿದೆ. ತಣ್ಣಗಿತ್ತು. ಅದರ ಕೆಳಗಿನದೂ ತಣ್ಣಗಿತ್ತು. ಮರ್ಯಾದೆಯಿಂದಲೇ ತಣ್ಣಗಾದ ರೊಟ್ಟಿ! ಹೊರಗೆ ಅದೇ ವಿಠೋಬಾ ಟೇಬಲ್ಲಿನಿಂದ ಟೇಬಲ್ಲಿಗೆ, "ಬಿಸಿ ರೊಟ್ಟಿ, ಬಿಸಿ ರೊಟ್ಟಿ" ಎಂದು ಕೂಗುತ್ತ ಹೋಗುವುದು ಕೇಳಿಸುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಪುಂಡಿ ಪಲ್ಯದ ಖಾರ ಎಂದು ಮಾಶಾಬಿಯವರಿಗೆ ಹೇಳಿದೆ. ಪಲ್ಯ ಇನ್ನೂ ಬಂದೇ ಇರಲಿಲ್ಲ.

ಆಕೆ ರೊಟ್ಟಿಯ ಅಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಖರೇ ಹೇಳ್ಲೇನ್ ಅಕ್ಕಾ? ಸಿಟ್ಟಾಗಬ್ಯಾಡ್ರಿ. ಮನಿ ತುಂಬ ಮಂದಿ ಅದಾರ. ಒಬ್ಬಾಕಿನೇ ಕುಂತು ಉಣ್ಣಬೇಕಂತ ನಾ ಇಲ್ಲೀತನಕ ಬಂದೀನಿ, ಇಲ್ಲೂ ನನಗ ಫ್ಯಾಮಿಲಿ ಗಂಟು ಬಿತ್ತು" ಎಂದರು. ನನಗೆ ಎಂಥ ನಗು ಬಂತೆಂದರೆ, ಗಲ್ಲೆಯ ಮುಂದೆ ಆಗಷ್ಟೇ ಹುಟ್ಟಿದ ಆ ತಂಗಿಯ ಕೈ ಹಿಡಿದುಕೊಂಡೇ ನಕ್ಕೆ. ಆಮೇಲೆ ಇಬ್ಬರೂ ಖಾಲಿ ತಾಟು ಎತ್ತಿಕೊಂಡೆವು. ತಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ಸರ್ರನೆ ಎಳೆದೆ. ಆಗ ತಮ್ಮ ಎರಡು ಉಂಗುರ ಕಳಚಿದ್ದಕ್ಕೆ ವಿಷಾದಿಸುತ್ತೇನೆ.

ನಾನು ಕಿಟಕಿಯ ಪಕ್ಕದ ಟೇಬಲ್ಲಿಗೆ, ಅವರು ಫ್ಯಾನಿನ ಕೆಳಗಿನ ಇನ್ನೊಂದು ಟೇಬಲ್ಲಿಗೆ ಹೋಗಿ ಬೇರೆ ಬೇರೆಯಾಗಿ ಕುಳಿತೆವು. ಬಸವಂತರಾಯರು ಗಲ್ಲೆ ಬಿಟ್ಟು ಓಡಿ ಬಂದು, "ಅಯ್ಯ ಇದೇನ್ರಿ, ಫ್ಯಾಮಿಲಿ ಅಂದ್ರಲ್ಲಾ?" ಎಂದರು. "ಹೌದ್ರಿ ಅಣ್ಣಾ, ಈಗಷ್ಟೇ ಬ್ಯಾರಿ ಆಗೀವಿ" ಎಂದು ಮಾಶಾಬಿ ನೀರಿನ ಗ್ಲಾಸು ತುಂಬಿಕೊಂಡರು. ಮನೆ ಪಾಲಾದ ಮೇಲೆ ಒಲೆ, ತಾಟು, ಟೇಬಲ್ಲು ಬೇರೆಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಅವರು ಗಲ್ಲೆಗೆ ಮರಳಿದರು.

ಆಗ ಏನಾಯಿತು ಬಲ್ಲಿರಾ, ಮಾನ್ಯರೇ? ಏನೂ ಆಗಲಿಲ್ಲ. ಗಂಡಸರು ಒಮ್ಮೆ ತಲೆಯೆತ್ತಿ ನೋಡಿ ತಮ್ಮ ತಮ್ಮ ಬದನೆಕಾಯಿಗೆ ಮರಳಿದರು. ಛಾವಣಿ ತನ್ನ ಜಾಗದಲ್ಲೇ ಇತ್ತು. ವಿಠೋಬಾ ಮಾಲೀಕರ ಮುಖ ನೋಡಿದ, ಅಡುಗೆಮನೆ ನೋಡಿದ, ನನ್ನ ಖಾಲಿ ತಾಟು ನೋಡಿದ. ಒಳಗೆ ಹೋಗಿ ಬಂದು, "ಬಿಸೀದು ಹಾಕ್ಲೇನ್ರಿ ಅಕ್ಕೋರೆ?" ಎಂದ. ಹಾಕ್ರಿ ಎಂದೆ. ಹಂಚಿನಿಂದ ಆಗಷ್ಟೇ ಇಳಿದ, ಇನ್ನೂ ಉಬ್ಬು ಇಳಿಯದ ರೊಟ್ಟಿ ತಾಟಿಗೆ ಬಿತ್ತು. ಮುರಿದೆ, ಹಬೆ ಬಂತು, ಬೆರಳು ಸುಟ್ಟಿತು. ಊದಲಿಲ್ಲ. ನಂಚಿಕೊಳ್ಳಲು ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಯಾರೊಡನೆಯೂ ಒಂದು ಮಾತಾಡಲಿಲ್ಲ. ಇಷ್ಟು ಸುಖವಾಗಿ ಉಂಡು ಎಷ್ಟು ವರ್ಷವಾಗಿತ್ತೋ.

ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲೂ ತಮ್ಮ ಬಂಧು ಬಳಗ ತೂಗಾಡುತ್ತಿದೆ, ಕಾಳಗಿಯಲ್ಲಿ ಗುಲಾಬಿ ಹೂವಿನವರೊಬ್ಬರು ಇದ್ದಾರೆ ಎಂದು ಕೇಳಿದ್ದೇನೆ. ಅವರಿಗೂ ಇದನ್ನು ತಿಳಿಸುವ ಕೃಪೆ ಮಾಡಬೇಕು. ಒಂಟಿ ಹೆಂಗಸರ ಮೇಲೆ ತಮಗೆ ಅಷ್ಟು ಕಾಳಜಿಯಿದ್ದರೆ, ಗಲ್ಲೆಯ ಬಳಿ ಊಟದ ಹೊತ್ತಿಗೆ ಬಾಡಿಗೆಗೆ ಸಿಗುವ ಒಬ್ಬ ಗಂಡನನ್ನೂ ಇಬ್ಬರು ಮಕ್ಕಳನ್ನೂ ಇರಿಸಿ. ಅವರು ಮಾತಾಡದವರಾಗಿರಲಿ ಮತ್ತು ನನ್ನ ತಾಟಿಗೆ ಕೈ ಹಾಕದಿರಲಿ. ಅದು ಆಗದಿದ್ದರೆ ಫೋನಿನ ಭಾಷಣಕ್ಕೂ ನನ್ನ ಕಿವಿಗೂ ನಡುವೆ ಬಂದು ತೂಗಿರಿ. ಅದೂ ಆಗದಿದ್ದರೆ ಒಂದು ಸಲ ಒಗೆಸಿಕೊಳ್ಳಿ.

ಮುಂದಿನ ತಿಂಗಳೂ ಕಿಟಕಿಯ ಪಕ್ಕದ ಟೇಬಲ್ಲಿಗೆ ಬರಲಿರುವ,

ತಮ್ಮ ಹೊರಗಿನ ವಿಶ್ವಾಸಿ,
ಶೈಲಶ್ರೀ,
ಹಿಂದೆ ಯಾರೂ ಇಲ್ಲ,
ಸುಲೇಪೇಟ.

ತಾ.ಕ.: ಉಂಡು ಕೈ ತೊಳೆದ ಮೇಲೆ ಒರೆಸಿಕೊಳ್ಳಲು ಬಟ್ಟೆ ಕೇಳಿದೆ, ಬಸವಂತರಾಯರು ಇಲ್ಲವೆಂದರು. ತಮ್ಮ ಬಲ ಅಂಚು ಗಂಡಸರಿಗೆ ಮೀಸಲೆಂದು ಬಲ್ಲೆನಾದ್ದರಿಂದ ನಾನು ಎಡ ಅಂಚಿಗೆ ಒರೆಸಿದ್ದೇನೆ. ಮಾಶಾಬಿಯವರು ನಟ್ಟನಡುವೆ.