ಮೂರನೇ ಸಲದ ಹೂಂ

ಶಿವಮೊಗ್ಗದ ಆಲ್ಕೊಳದ ವಾಣಿ ಆ ಗುರುವಾರ ಇಡೀ ದಿನ ಉಪವಾಸ ಬಿದ್ದದ್ದಕ್ಕೆ ಮೂಲ ಕಾರಣ ಅಕ್ಕಿರೊಟ್ಟಿ.

ಬೆಳಿಗ್ಗೆ ಅವಳು ಬೀಗ ಹಾಕುವಾಗ ಪಕ್ಕದ ಮನೆಯ ಸಾವಿತ್ರಮ್ಮ ಕಾಂಪೌಂಡಿನ ಆಚೆಯಿಂದ ಕರೆದರು. "ಬಿಸಿ ರೊಟ್ಟಿ ಮಾಡಿದೀನಿ ವಾಣಿ, ತಿಂದ್ಕೊಂಡ್ ಹೋಗಿ."

"ಬೇಡ ಸಾವಿತ್ರಮ್ಮ."

ವಾಣಿಗೆ ರೊಟ್ಟಿ ಬೇಕಿತ್ತು. ಆದರೆ ಕರೆದ ಕೂಡಲೇ ಹೂಂ ಅಂದರೆ ಇವಳ ಮನೆಯಲ್ಲಿ ಒಲೆಯೇ ಹಚ್ಚುವುದಿಲ್ಲ ಅಂದುಕೊಂಡಾರು. ಮೊದಲ ಸಲ ಬೇಡ, ಎರಡನೇ ಸಲ 'ಅಯ್ಯೋ ಯಾಕೆ ಸುಮ್ನೆ', ಮೂರನೇ ಸಲ 'ನೀವು ಬಿಡಲ್ಲ ಬಿಡಿ' ಎಂದು ತಟ್ಟೆಯ ಮುಂದೆ ಕೂರುವುದು. ಅವಳ ತಾಯಿ ಕಲಿಸಿದ ಮರ್ಯಾದೆ ಇದು. ಸಾವಿತ್ರಮ್ಮ ಎರಡನೇ ಸಲವೂ ಕರೆದರು. ಅಷ್ಟರಲ್ಲಿ ಆಫೀಸಿನ ದುಶ್ಯಂತ್ ಬೈಕು ತಂದು ಹಾರ್ನ್ ಹೊಡೆದ. "ಭದ್ರಾವತಿ ಬಸ್ಸಿಗೆ ಟೈಮಾಯ್ತು, ಹತ್ತಿ ಮೇಡಂ." ಮೂರನೇ ಕರೆ ಬರಲೇ ಇಲ್ಲ.

ವಾಣಿ ತಿಂಗಳಿಗೊಂದು ದಿನ ರಜೆ ಹಾಕಿ ಭದ್ರಾವತಿಯ ಕಾಗದನಗರದ ಶಾಲೆಯೊಂದರ ಹುಡುಗಿಯರಿಗೆ ಮಾರ್ಗದರ್ಶನ ಮಾಡುತ್ತಿದ್ದಳು. ಸಂಬಳವಿಲ್ಲ, ಬಸ್ಸಿನ ಖರ್ಚೂ ಇಲ್ಲ. 'ಮಿಸ್ ಬಂದ್ರು' ಎಂದು ಅವರು ಓಡಿಬರುವುದೇ ಅವಳಿಗೆ ಸಾಕು. ಅಂದಿನ ವಿಷಯ, ಬೇಡ ಎನ್ನಲು ಕಲಿಯುವುದು.

"ಒಂದ್ಸಲ ಬೇಡ ಅಂದ್ರೆ ಬೇಡ ಅಂತಾನೇ," ಎಂದಳು ವಾಣಿ. "ಮತ್ತೆ ಮತ್ತೆ ಕೇಳೋರಿಗೆ ಮಣೀಬೇಡಿ. ನೀವೂ ಯಾರನ್ನೂ ಬಲವಂತ ಮಾಡ್ಬೇಡಿ."

ನಗ್ಮಾ ಎದ್ದು ನಿಂತಳು. "ದೊಡ್ಡೋರು ಬೇಡ ಅಂದ್ರೂ ಹಂಗೇನಾ ಮಿಸ್?"

"ಯಾರಂದ್ರೂ ಹಂಗೇ."

ನಗ್ಮಾ ಅದನ್ನು ಬರೆದುಕೊಂಡು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು.

ಮಧ್ಯಾಹ್ನ ಹೆಡ್ಮಾಸ್ಟರ್ ರಾಮಯ್ಯ ಬಿಸಿಯೂಟಕ್ಕೆ ಕರೆದಾಗ ವಾಣಿ, ಡಬ್ಬಿ ತಂದಿದ್ದೀನಿ ಸರ್, ಎಂದಳು. ಚೀಲ ತೆಗೆದರೆ ಡಬ್ಬಿಯೇ ಇಲ್ಲ. ಅದು ದುಶ್ಯಂತನ ಬೈಕಿನ ಕೊಕ್ಕೆಯಲ್ಲೇ ಉಳಿದಿತ್ತು. ಫೋನ್ ಮಾಡಿದಳು.

"ಚಿತ್ರಾನ್ನ ಬೊಂಬಾಟ್ ಮೇಡಂ. ಡ್ರಾಪ್ ಕೊಟ್ಟಿದ್ದಕ್ಕೆ ಅಂತ ಇಟ್ರಲ್ಲ, ಅದೆಲ್ಲ ಯಾಕೆ?" ಎಂದ ದುಶ್ಯಂತ್.

ಅವಳು ಅಡುಗೆಕೋಣೆಗೆ ಓಡಿದಾಗ ಪಾತ್ರೆ ತೊಳೆಯುತ್ತಿದ್ದರು.

ನಾಲ್ಕೂವರೆಗೆ ಶಾಲೆ ಬಿಟ್ಟಾಗ ವಾಣಿಗೆ ಕಣ್ಣು ಮಂಜಾಗಿತ್ತು. ನಗ್ಮಾ ಕೈಹಿಡಿದು ಎಳೆದಳು. "ನಮ್ಮನೆ ಇಲ್ಲೇ ಮಿಸ್. ಅಮ್ಮಿ ನೋಡ್ಬೇಕಂತೆ." ಮನೆಯ ತಿರುವಿನಲ್ಲೇ ಕೋಳಿ ಪಲಾವಿನ ಘಮ ಬಂತು. ದೇವರು ಇದ್ದಾನೆ ಅಂದುಕೊಂಡಳು ವಾಣಿ.

ನಗ್ಮಾಳ ತಾಯಿ ಅಖ್ತರ್ ಬೀ ತುಂಬಿದ ತಟ್ಟೆಯನ್ನೇ ಹಿಡಿದು ಬಂದರು. "ನಿಮಗೇ ಅಂತ ಮಾಡಿದ್ದು ಮಿಸ್, ತಗೊಳ್ಳಿ."

"ಅಯ್ಯೋ, ಬೇಡಮ್ಮ," ಎಂದಿತು ವಾಣಿಯ ನಾಲಿಗೆ, ತನ್ನಷ್ಟಕ್ಕೆ ತಾನೇ.

"ಅರೆ, ಹಂಗಂದ್ರೆ ಹೆಂಗೆ? ಸ್ವಲ್ಪ..."

ನಗ್ಮಾ ತಾಯಿಯ ಕೈ ಹಿಡಿದಳು. "ಅಮ್ಮಿ, ಮಿಸ್ ಬೇಡ ಅಂದ್ರು. ಬಲವಂತ ಮಾಡ್ಬಾರ್ದು."

"ಡಬ್ಬಿಗಾದ್ರೂ ಹಾಕ್ಕೊಡ್ತೀನಿ."

"ಅದೂ ಬಲವಂತಾನೇ ಅಮ್ಮಿ. ಅಲ್ವಾ ಮಿಸ್?"

ವಾಣಿ ತಟ್ಟೆಯನ್ನು ನೋಡಿದಳು. ನಗ್ಮಾಳ ಮುಖವನ್ನು ನೋಡಿದಳು. ಆ ಮುಖದಲ್ಲಿದ್ದ ನಂಬಿಕೆ ಕಂಡು ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ಈಗ ಹೂಂ ಅಂದರೆ ಬೆಳಗಿನ ಪಾಠವೆಲ್ಲ ನೀರಿಗೆ ಹೋದ ಹಾಗೆ. "ಹೌದು," ಎಂದಳು, ಕಷ್ಟಪಟ್ಟು. ಅಖ್ತರ್ ಬೀ ಮಗಳ ತಲೆ ಸವರಿ ತಟ್ಟೆಯನ್ನು ಒಳಗೆ ಒಯ್ದರು.

ಶಿವಮೊಗ್ಗದವರೆಗೂ ಬಸ್ಸಿನಲ್ಲಿ ವಾಣಿ ಒಂದು ಶಪಥವನ್ನೇ ಜಪಿಸಿದಳು. ಇನ್ನು ಮೇಲೆ ಯಾರೇ ಕರೆಯಲಿ, ಮೊದಲನೇ ಸಲಕ್ಕೇ ಹೂಂ. ಮರ್ಯಾದೆ ಮನೆ ಹಾಳಾಗಲಿ.

ಸಂಜೆ ಸಾವಿತ್ರಮ್ಮ ಗೇಟಿನಲ್ಲೇ ನಿಂತಿದ್ದರು. "ಏನ್ ಮಾರಾಯ್ತಿ, ಬಾಡಿ ಹೋಗಿದೀರಲ್ಲ. ಬನ್ನಿ, ಎರಡು ರೊಟ್ಟಿ ತಿಂದು ಹೋಗಿ."

"ಹೂಂ, ಬಂದೆ," ಎಂದ ವಾಣಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿಯೇಬಿಟ್ಟಳು.

ಸಾವಿತ್ರಮ್ಮ ಬಾಗಿಲಲ್ಲೇ ತಬ್ಬಿಬ್ಬಾಗಿ ನಿಂತರು. "ಅಯ್ಯೋ, ರೊಟ್ಟಿ ಬೆಳಿಗ್ಗೇನೇ ಖಾಲಿ ಆಯ್ತಲ್ರೀ. ಹೆಂಗೂ ಬೇಡ ಅಂತೀರ ಅಂತ ಕರೆದೆ."