ಹತ್ತರಗಿಗೆ ಹೋದ ತಂಬಿಗೆ

"ಗಿಫ್ಟಿನ ಮ್ಯಾಲೆ ಪ್ರಶ್ನೆ ಕೇಳ್ತಾರೇನ? ಹಂಗಾರ ನೀ ಪಾಸಾದಂಗ ತಿಳಿ," ಎಂದು ಸೋಮಲಿಂಗ ಮೀಸೆಯ ಮೇಲೆ ಕೈಯಾಡಿಸಿದ. "ಗಿಫ್ಟ್ ಅಂದ್ರ ನಮ್ಮ ಮನಿ ವಿದ್ಯಾ. ಇವತ್ತಿಂದ ನಾನ ನಿನ್ನ ಮಾಸ್ತರ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೋಕಾಕದ ಪೇಟೆಯಲ್ಲಿ ಅವನದು ಭಾಂಡೆ ಅಂಗಡಿ. ಮದುವೆ, ಮನೆ ಶಾಂತಿ, ಕುಬಸ, ನಿವೃತ್ತಿ, ಏನೇ ಇರಲಿ, ಆಯೇರಿ-ಉಡುಗೊರೆ ಕೊಡುವವರು ಅಲ್ಲಿಗೇ ಬಂದು ಕೊಡವನ್ನೋ ತಾಟನ್ನೋ ಆರಿಸಿ, "ಹೆಸರ ಹಾಕಿ ಕೊಡ್ರಿ" ಎನ್ನುತ್ತಾರೆ. ಸೋಮಲಿಂಗ ಮಿಷನ್ ಹಿಡಿದು ಗುಂಯ್ ಎಂದು ಹೆಸರು ಕೊರೆಯುತ್ತಾನೆ. ಮೂಡಲಗಿಯಿಂದ ಹುಕ್ಕೇರಿಯವರೆಗೆ ಯಾರ ಅಡುಗೆಮನೆ ಹೊಕ್ಕರೂ ಸಾಲಾಗಿ ಜೋಡಿಸಿಟ್ಟ ಪಾತ್ರೆಗಳ ಮೇಲೆ ಅವನ ಅಕ್ಷರ ಹೊಳೆಯುತ್ತಿರುತ್ತದೆ. ರಾಜಮಹಾರಾಜರ ಶಾಸನಗಳಿಗೂ ಇಷ್ಟು ಓದುಗರಿಲ್ಲ ಎಂಬುದು ಅವನ ಹೆಮ್ಮೆ!

ಹೆಂಡತಿ ನಂದಾ ಊರಲ್ಲಿ ಹೊಸದಾಗಿ ತೆರೆದ ಇಂಗ್ಲಿಷ್ ಶಾಲೆಯ ಆಫೀಸು ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸೋಮವಾರ ಸಂದರ್ಶನ. ಓಣಿಯ ಸುಮಯ್ಯಾ ಟೀಚರ್ ಹತ್ತಿರ ಮಾತಾಡುವ ಇಂಗ್ಲಿಷ್ ಕಲಿಯುತ್ತಿದ್ದಳು. ಈ ವಾರದ ಪಾಠ ಉಡುಗೊರೆ ಕೊಡುವುದರ ಬಗ್ಗೆ. ಸಂದರ್ಶನದಲ್ಲೂ ಇಂಥವನ್ನೇ ಕೇಳಬಹುದೆಂದು ಟೀಚರ್ ಪ್ರಶ್ನೆಗಳನ್ನು ಫೋನಿಗೆ ಕಳಿಸಿದ್ದರು. ಜೊತೆಗೆ ಒಂದು ಉಪಾಯವನ್ನೂ ಹೇಳಿಕೊಟ್ಟಿದ್ದರು. ಉತ್ತರ ಹೊಳೆಯದಿದ್ದರೆ ಗಾಬರಿಯಾಗಬಾರದು, ನಗುನಗುತ್ತಾ "ಪಾರ್ಡನ್? ಒನ್ಸ್ ಅಗೇನ್ ಪ್ಲೀಸ್" ಅನ್ನಬೇಕು. ಅವರು ಇನ್ನೊಮ್ಮೆ ಕೇಳುವಷ್ಟರಲ್ಲಿ ಏನಾದರೂ ಹೊಳೆದೇ ಹೊಳೆಯುತ್ತದೆ.

ಶುಕ್ರವಾರ ಬೆಳಿಗ್ಗೆ ನಂದಾ ರೊಟ್ಟಿ ಬಡಿಯುತ್ತಿದ್ದಳು. ಪರೀಕ್ಷಕ ಸೋಮಲಿಂಗ ಮಣೆಯ ಮೇಲೆ ವಿರಾಜಮಾನನಾಗಿ, ಫೋನನ್ನು ಕಣ್ಣಿಗೆ ಹಿಡಿದು ಶುರುಮಾಡಿದ.

"ವಾಟ್ ಗಿಫ್ಟ್ ಡಿಡ್ ಯೂ ಗಿವ್ ಲಾಸ್ಟ್?"

"ಐ ಗೇವ್ ಒನ್ ಸ್ಟೀಲ್ ಡಬ್ಬಿ ಟು ಮೈ ಸಿಸ್ಟರ್."

"ವೈ ಡಿಡ್ ಯೂ ಚೂಸ್ ಇಟ್?"

"ಐ ನಾಟ್ ಚೂಸ್. ಇಟ್ ವಾಸ್ ನಾಟ್ ಸೆಲ್ಲಿಂಗ್ ಇನ್ ಅವರ್ ಶಾಪ್."

"ಅದನ್ನೆಲ್ಲಾ ಅಲ್ಲಿ ಹೇಳಬ್ಯಾಡ ಮಾರಾಯ್ತಿ," ಎಂದು ಸೋಮಲಿಂಗ ಮುಂದಿನದಕ್ಕೆ ಹೋದ. "ವಾಟ್ ಈಸ್ ದ ಬೆಸ್ಟ್ ಗಿಫ್ಟ್ ಯುವರ್ ಹಸ್ಬೆಂಡ್ ಗೇವ್ ಯೂ?"

ನಂದಾಳ ಕೈ ಹಿಟ್ಟಿನ ಮೇಲೆ ನಿಂತಿತು. "ಪಾರ್ಡನ್? ಒನ್ಸ್ ಅಗೇನ್ ಪ್ಲೀಸ್."

ಮತ್ತೆ ಕೇಳಿದ. ಮತ್ತೆ ಅದೇ ಉತ್ತರ. ಹಂಚಿನ ಮೇಲಿನ ರೊಟ್ಟಿ ಕಮರಿತು. ಮಾಸ್ತರರ ತಾಳ್ಮೆಯೂ ಕಮರಿತು.

"ಕಿವಿ ಕೇಳ್ತಾವೊ ಇಲ್ಲೊ? ಮನಿ ತುಂಬ ಭಾಂಡೆ ಅದಾವ. ಯಾವುದಾರ ಒಂದ ಹೇಳು."

"ಭಾಂಡೆ ಅದಾವ್ರಿ. ಆದ್ರ ಅವು ಯಾರವು?"

ಸೋಮಲಿಂಗ ಸುತ್ತಲೂ ನೋಡಿದ. ಹೆಸರು ಕೊರೆದ ಮೇಲೆ ಗಿರಾಕಿ ಬಿಟ್ಟುಹೋದ ಪಾತ್ರೆಯನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಅಂಥವೆಲ್ಲ ಈ ಮನೆಗೇ ಬಂದು ಸೇರಿದ್ದವು.

"ಈ ಕೊಡದಾಗ ನೀರ ತರತೇನಿ. ಇದು ಮೇಲವಂಕ್ಯಾಗ ಮುರದ ಲಗ್ನದ್ದು," ಎಂದಳು ನಂದಾ. "ಈ ತಾಟಿನ್ಯಾಗ ಉಣತೇನಿ. ಮಾಲಿಂಗ ಮಾಸ್ತರಗ ನಿವೃತ್ತಿ ಜೀವನ ಸುಖವಾಗಿರಲಿ ಅಂತ ಬರದೈತಿ. ಆ ಮಾಸ್ತರನ್ನ ನಾ ಕಂಡಿಲ್ಲ. ಆದರೂ ದಿನಾ ಅವರಿಗೆ ಆಶೀರ್ವಾದ ಮಾಡೇ ತುತ್ತ ಮುರೀತೇನಿ. ನನ್ನ ಹೆಸರಿಂದು ಒಂದ ಚಮಚ ಸೈತ ಇಲ್ರಿ ಈ ಮನ್ಯಾಗ."

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಸೋಮಲಿಂಗ ಕೆಮ್ಮಿದ.

"ಹಂಗಾರ ಒಂದ ಸುಳ್ಳ ಹೇಳು. ಬಂಗಾರದ ಬಿಲ್ವಾರ ಕೊಡಿಸ್ಯಾನ ಅನ್ನು."

"ತೋರಸ್ರಿ ಅಂದ್ರ?"

ತಪ್ಪಿಸಿಕೊಳ್ಳಲು ಅವನು ಕೊನೆಯ ಪ್ರಶ್ನೆಗೆ ಹಾರಿದ. "ವಾಟ್ ಗಿಫ್ಟ್ ಡು ಯೂ ವಾಂಟ್?"

ಈ ಸಲ ಅವಳು ಇನ್ನೊಮ್ಮೆ ಕೇಳಿ ಅನ್ನಲಿಲ್ಲ. ಗೋಡೆಯ ಕಡೆ ನೋಡುತ್ತ ಹೇಳತೊಡಗಿದಳು. "ಒನ್ ತಂಬಿಗಿ. ಸ್ಮಾಲ್. ಮೈ ನೇಮ್ ಆನ್ ಇಟ್. ಹಿಸ್ ಹ್ಯಾಂಡ್‌ರೈಟಿಂಗ್. ಆಫ್ಟರ್ ಮ್ಯಾರೇಜ್ ಐ ಸಿಟ್ ಇನ್ ಶಾಪ್. ಐ ಸೀ ಹಿಮ್ ರೈಟಿಂಗ್ ಆಲ್ ಪೀಪಲ್ ನೇಮ್. ಐ ಥಿಂಕ್, ಟುಮಾರೋ ಮೈ ನೇಮ್. ಸ್ಟಿಲ್ ಐ ಥಿಂಕ್."

ಕನ್ನಡದಲ್ಲಿ ಇಷ್ಟು ವರ್ಷ ಗಂಟಲು ದಾಟದಿದ್ದ ಮಾತು ಇಂಗ್ಲಿಷಿನಲ್ಲಿ ಸಲೀಸಾಗಿ ಹೊರಗೆ ಬಂದಿತ್ತು. ಪರಭಾಷೆಗೆ ನಾಚಿಕೆ ಕಡಿಮೆ, ನೋಡಿ.

"ಬರೋಬ್ಬರಿ ಹೇಳಿದ್ನೇನ್ರಿ ಮಾಸ್ತರ?"

"ಗ್ರಾಮರ್ ಸ್ವಲ್ಪ ನೋಡ್ಕೊ," ಎಂದು ಸೋಮಲಿಂಗ ಚಪ್ಪಲಿ ಮೆಟ್ಟಿ ಹೊರಬಿದ್ದ. ಅಂಗಡಿ ಮುಟ್ಟುವವರೆಗೂ ಎದೆಯಲ್ಲಿ ಏನೋ ಕೊರೆಯುತ್ತಲೇ ಇತ್ತು. ಮದುವೆಯಾದ ಹೊಸದರಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತು, ಗದ್ದಕ್ಕೆ ಕೈ ಕೊಟ್ಟು, ಮಿಷನ್ನಿನ ತುದಿಯನ್ನೇ ನೋಡುತ್ತಿದ್ದ ಹುಡುಗಿ ನೆನಪಾದಳು. ಆಗ ಅವಳು ತನ್ನ ಕೈಚಳಕಕ್ಕೆ ಬೆರಗಾಗಿದ್ದಾಳೆ ಎಂದುಕೊಂಡಿದ್ದ.

ಅಂಗಡಿ ತೆರೆದವನೇ ಕಪಾಟಿನಿಂದ ಚೆಂದದ ತಾಮ್ರದ ತಂಬಿಗೆಯೊಂದನ್ನು ಇಳಿಸಿದ. ಜೀವನವಿಡೀ 'ಇವರಿಂದ' 'ಇವರಿಗೆ' ಎಂದು ಕೊರೆದ ಕೈಗೆ ಇವತ್ತು ಏನು ಬರೆಯಬೇಕೋ ತಿಳಿಯಲಿಲ್ಲ. ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿ, ಯಾರೂ ಇಲ್ಲದ್ದು ನೋಡಿ ಮಿಷನ್ ಹಚ್ಚಿದ. 'ನನ್ನ ನಂದಾಗ' ಎಂದು ಬರೆದ. ಕೆಳಗೆ 'ಸೋಮಲಿಂಗ' ಎಂದು ಹಾಕಿದ. ಪುಡಿ ಊದಿ ಒಮ್ಮೆ ಓದಿಕೊಂಡ. ಕಿವಿ ಬಿಸಿಯಾದವು.

ಅಷ್ಟರಲ್ಲಿ ಪಕ್ಕದ ಬಳೆ ಅಂಗಡಿಯ ಬಂದಗಿಸಾಬ ಚಹಾ ಕುಡಿಯಲು ಬಂದರು.

"ಏನ ಸಾವಕಾರ್ರ, ಮಾರಿ ಕೆಂಪಗಾಗೈತಿ? ಏನ ಮುಚ್ಚಾಕತ್ತೀರಿ?"

"ಏನಿಲ್ರಿ ಕಾಕಾ."

ಹೆಂಡತಿಗೆ ಹೆಸರು ಕೊರೆದು ಕೊಡುತ್ತಿದ್ದಾನೆಂದು ಗೊತ್ತಾದರೆ ಪೇಟೆಗೆ ಸಂಕ್ರಾಂತಿಯವರೆಗೆ ನಗೆಯ ಬುತ್ತಿ! ಸೋಮಲಿಂಗ ಕಾಲ ಬಳಿ ಬಾಯಿ ತೆರೆದು ಕೂತಿದ್ದ ಚೀಲಕ್ಕೆ ತಂಬಿಗೆಯನ್ನು ತುರುಕಿಬಿಟ್ಟ. ಅದು ಹತ್ತರಗಿಯ ಸತ್ತೆಪ್ಪನ ಚೀಲ. ಮಗಳ ಮದುವೆಗೆ ಬರುವ ಹೆಣ್ಣುಮಕ್ಕಳಿಗೆ ಹಂಚಲು ಅವನು ಇಂಥವೇ ತಾಮ್ರದ ತಂಬಿಗೆ ಹೇಳಿದ್ದ. ನಾಚಿಕೆ ಮುಚ್ಚಿಕೊಳ್ಳಲು ಸೋಮಲಿಂಗ ಮಾತಿಗೆ ಇಳಿದ. "ನಮ್ಮನ್ಯಾಗ ಈಗ ಎಲ್ಲಾ ಇಂಗ್ಲಿಷನ್ಯಾಗ್ರಿ ಕಾಕಾ. ರೊಟ್ಟಿ ಕೇಳಬೇಕಾದ್ರೂ ಪ್ಲೀಸ್ ಅನ್ನಬೇಕು." ಇದೇ ಗುಂಗಿನಲ್ಲಿರುವಾಗ ಸತ್ತೆಪ್ಪನ ಟೆಂಪೋ ಬಂತು. ಮಾತಾಡುತ್ತಲೇ ಸೋಮಲಿಂಗ ತನ್ನ ಕೈಯಾರೆ ಚೀಲದ ಬಾಯಿ ಕಟ್ಟಿ, ತನ್ನ ಹೆಗಲ ಮೇಲೇ ಹೊತ್ತು, ಟೆಂಪೋದಲ್ಲಿಟ್ಟು, "ಥ್ಯಾಂಕ್ ಯೂ, ಕಮ್ ಅಗೇನ್" ಎಂದೂ ಹೇಳಿ ಕಳಿಸಿದ.

ನೆನಪಾದದ್ದು ಸಂಜೆ, ಅಂಗಡಿ ಬಾಗಿಲು ಹಾಕುವಾಗ.

ಶನಿವಾರ ಮದುವೆಯ ಗದ್ದಲದಲ್ಲಿ ಕೇಳುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ "ಹತ್ತರಗ್ಯಾಗ ಒಂದ ಆರ್ಡರ್ ಐತಿ" ಎಂದು ನಂದಾಳಿಗೆ ಹೇಳಿ, ಬದಲಿಗೆ ಕೊಡಲು ಹೊಸದೊಂದು ತಂಬಿಗೆ ಚೀಲಕ್ಕೆ ಹಾಕಿಕೊಂಡು, ಬೈಕ್ ಹತ್ತಿ ಹತ್ತರಗಿಗೆ ಹೋದ. ಹಂದರ ಇನ್ನೂ ಬಿಚ್ಚಿರಲಿಲ್ಲ. ಬಂಧುಬಳಗದ ಹೆಂಗಸರು ಅಂಗಳದಲ್ಲಿ ಕೂತು ಉಳಿದ ಬೂಂದಿ ತಿನ್ನುತ್ತಿದ್ದರು.

"ಕಾಕಾ, ಒಂದ ತಂಬಿಗಿ ಅದಲಬದಲ ಆಗೈತಿ," ಎಂದ ಸೋಮಲಿಂಗ ಮೆಲ್ಲಗೆ.

"ಎಲ್ಲಾ ಹಂಚಿ ಮುಗದಾವಲ್ರಿ," ಎಂದ ಸತ್ತೆಪ್ಪ. "ಗುರತ ಏನ?"

"ಹೆಸರ ಐತಿ."

"ಎಲ್ಲಾದರ ಮ್ಯಾಲೂ ನನ್ನ ಹೆಸರ ಐತಿ."

"ಇದರ ಮ್ಯಾಲೆ ಬ್ಯಾರೆ ಐತ್ರಿ."

"ಯಾರದು?"

ಸೋಮಲಿಂಗ ಹಂದರದ ಗಳವನ್ನು ನೋಡಿದ. "ನಮ್ಮ ಮನ್ಯಾಕಿದು."

ಬೂಂದಿಯ ಕೈಗಳು ನಿಂತವು. ಒಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಇಡೀ ಅಂಗಳವೇ ನಕ್ಕಿತು. ಸತ್ತೆಪ್ಪನ ಹೆಂಡತಿ ಸುಂದ್ರವ್ವ ಕಣ್ಣೊರೆಸಿಕೊಂಡು, "ಅದು ನಮ್ಮ ಅತ್ತಿ ಕಡೆ ಐತಿ, ಬರ್ರಿ" ಎಂದು ಪಡಸಾಲೆಗೆ ಕರೆದಳು. ಅಲ್ಲಿ ಸತ್ತೆಪ್ಪನ ತಾಯಿ ಭರಮವ್ವ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಆಯಿ, ಈ ಹೊಸಾದ ತಗೋರಿ. ಅದನ್ನ ಕೊಡ್ರಿ."

"ಕೊಡೂದಿಲ್ಲ," ಎಂದಳು ಭರಮವ್ವ. "ಮೊಮ್ಮಗಳ ಕಡೆ ಓದ್ಸಿ ಕೇಳೇನಿ. ಯಾಂವೋ ಒಬ್ಬಾಂವ ಹೆಂಡ್ತಿಗೆ 'ನನ್ನ' ಅಂತ ಬರದಾನಂತ. ನಮ್ಮ ಮನ್ಯಾಂವ ಇರೂ ತನಕ ನನ್ನ 'ಏ' ಅಂತನ ಕರದ. ಕೆಟ್ಟಾಂವ ಅಲ್ಲ. ಬಾಯಾಗ ಬರಲಿಲ್ಲ, ಅಷ್ಟ. ಇದರಾಗ ನೀರ ಕುಡದರ ಬ್ಯಾರೆ ರುಚಿ ಹತ್ತತೈತಿ."

"ಆದ್ರ ಅದರ ಮ್ಯಾಲೆ ನಿಮ್ಮ ಹೆಸರಿಲ್ಲಲ್ರಿ ಆಯಿ."

"ಇಲ್ಲ ಬಿಡು. ತಮ್ಮಾ, ನಿನ್ನ ಕಡೆ ಮಿಷನ್ ಐತಿ, ಕೈ ಐತಿ, ಹೆಂಡ್ತಿ ಅದಾಳ. ನನಗ ಇನ್ನ ಯಾರ ಬರದ ಕೊಡ್ತಾರ?"

ಸೋಮಲಿಂಗ ಹೊಸ ತಂಬಿಗೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

"ಬರದಿ, ಸೈ," ಎಂದಳು ಭರಮವ್ವ. "ಬಾಯ್ಲೆ ಒಮ್ಮೆರ ಅಂದಿಯೇನ ಆಕಿಗೆ?"

"ಇಲ್ರಿ."

"ಹಚ್ಚು ಫೋನ."

ಒಬ್ಬ ಬಂದಗಿಸಾಬರಿಗೆ ಅಂಜಿ ತಂಬಿಗೆ ಮುಚ್ಚಿಟ್ಟ ವೀರ, ಈಗ ಹತ್ತರಗಿಯ ಹೆಣ್ಣುಮಕ್ಕಳ ನಡುವೆ ನಿಂತು ಫೋನು ಹಚ್ಚಿದ. ಸುಂದ್ರವ್ವ ಸ್ಪೀಕರ್ ಒತ್ತಿದಳು.

"ಏನ್ರಿ?" ಎಂದಳು ನಂದಾ.

"ನನ್ನ... ನನ್ನ ನಂದಾ..."

ತಂಬಿಗೆಯ ಮೇಲಿದ್ದದ್ದೇ ಅಷ್ಟು. ಆ ಕಡೆಯಿಂದ ಗಾಬರಿ ಒಮ್ಮೆಲೇ ಹರಿದು ಬಂತು. "ಯಾಕ್ರಿ, ಏನಾತು? ಗಾಡಿ ಬಿತ್ತೇನ್ರಿ? ಎಲ್ಲೆ ಬಡೀತು? ಯಾವ ದವಾಖಾನ್ಯಾಗ ಅದೀರಿ?" ಅಂಗಳ ಮತ್ತೆ ಘೊಳ್ಳೆಂದಿತು. ಸೋಮಲಿಂಗ ನಾಚಿ ಫೋನು ಕಟ್ ಮಾಡಿ ಬೈಕ್ ಹತ್ತಿದ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ಬಡಿದುಕೊಂಡಿದ್ದು ಗಾಳಿಗೆ ಕೇಳಿಸಲಿಲ್ಲ.

ಓಣಿಗೆ ಬಂದು ನೋಡಿದರೆ ಮನೆ ಮುಂದೆ ಮಂದಿ ಕೂಡಿದ್ದರು. ಸುಮಯ್ಯಾ ಟೀಚರ್ ನಂದಾಳ ಹೆಗಲು ಹಿಡಿದು ನಿಂತಿದ್ದರು. ಬಂದಗಿಸಾಬ ಹತ್ತರಗಿಗೆ ಹೋಗಲು ಆಟೋ ತರಿಸಿದ್ದರು. ಕೈಕಾಲು ನೆಟ್ಟಗಿದ್ದ ಸೋಮಲಿಂಗನನ್ನು ಕಂಡು ನಂದಾ ಮೊದಲು ಅತ್ತಳು, ಆಮೇಲೆ ಸಿಟ್ಟಾದಳು.

"ಏನೂ ಆಗಿಲ್ಲಂದ್ರ ಮತ್ತ್ಯಾಕ ಹಂಗ ಕರದ್ರಿ?"

ಹೇಳದೆ ಗತಿ ಇರಲಿಲ್ಲ. ತಂಬಿಗೆ ಬರೆದದ್ದು, ಮುಚ್ಚಿಟ್ಟದ್ದು, ತಾನೇ ಹೊತ್ತು ಕಳಿಸಿದ್ದು, ಅದು ಆಯಿಯ ಮಡಿಲಲ್ಲೇ ಉಳಿದದ್ದು, ಎಲ್ಲವನ್ನೂ ಹೇಳಿದ. ಬಂದಗಿಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡು, "ಇಷ್ಟಕ್ಕ ನನಗ ಅಂಜಿದ್ರೇನ?" ಎಂದರು. ನಂದಾ ನಗಲಿಲ್ಲ.

"ಅದರ ಮ್ಯಾಲೆ ಏನಂತ ಬರದಿದ್ರಿ?" ಎಂದು ಕೇಳಿದಳು.

ಸೋಮಲಿಂಗ ಓಣಿಯನ್ನು ನೋಡಿದ. ಬಂದಗಿಸಾಬರನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿ, ಆಚೆ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. "ನನ್ನ ನಂದಾಗ."

ನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೀಚರ್ ಕಲಿಸಿದ ಹಾಗೇ ಮುಖದ ತುಂಬ ನಗು ತಂದುಕೊಂಡಳು.

"ಪಾರ್ಡನ್? ಒನ್ಸ್ ಅಗೇನ್ ಪ್ಲೀಸ್."